ಅಳಿಲನ್ನು ಹಿಡಿದು ಎಲ್ಲಿಗೆ ಬಿಡುತ್ತೀರಿ?



ಬೆಂಗಳೂರಿನ ತಿಲಕ್ ನಗರದ ಹಾರ್ಡ್‌ವೇರ್ ಅಂಗಡಿಗಳಲ್ಲಿ ತಂತಿಯ ಇಲಿಬೋನು ಸುಲಭವಾಗಿ ಸಿಗುತ್ತದೆ. ಒಳಗೊಂದು ಕೊಕ್ಕೆ. ಕೊಕ್ಕೆಗೆ ಸಿಕ್ಕಿಸಿದ ತುಣುಕನ್ನು ಎಳೆದ ಕೂಡಲೇ ಹಿಂದಿನ ಬಾಗಿಲು ಬಡಿದುಕೊಳ್ಳುತ್ತದೆ. ಈಚೆಗೆ ಇದನ್ನು ಕೊಳ್ಳುವವರಲ್ಲಿ ತಾರಸಿಯ ಮೇಲೆ ಕೈತೋಟ ಮಾಡಿಕೊಂಡವರೂ ಇದ್ದಾರೆ. ಅವರು ಹಿಡಿಯಲು ಹೊರಟಿರುವುದು ಅಳಿಲನ್ನು. ‘ಕೊಲ್ಲೋದಿಲ್ಲ, ಪಾಪ. ಹಿಡಿದು ಲಾಲ್‌ಬಾಗ್‌ಗೋ ಬನ್ನೇರುಘಟ್ಟದ ಕಡೆಗೋ ಬಿಟ್ಟು ಬರ್ತೀವಿ, ಅಷ್ಟೆ’ ಎನ್ನುತ್ತಾರೆ. ಅವರ ಮನಸ್ಸು ಒಳ್ಳೆಯದೇ. ವಿಷ ಇಡಲು, ಅಂಟಿನ ಹಲಗೆ ಇಡಲು ಕೈ ಬಾರದವರು ಇವರು. ಇಂದು ನಾನು ಮಾತಾಡಬೇಕೆಂದಿರುವುದು ಇಂಥವರ ಜೊತೆಗೇ. ಹಿಡಿದು ದೂರ ಬಿಟ್ಟು ಬರುವುದು ನಾವು ಅಂದುಕೊಂಡಷ್ಟು ಮೃದುವಾದ ಕೆಲಸವಲ್ಲ. ಅದರಿಂದ ತೋಟವೂ ಉಳಿಯುವುದಿಲ್ಲ.

ಮೊದಲು ಜಾಗದ ಮಾತು. ಜಯನಗರದ ನಾಲ್ಕನೇ ಟಿ ಬ್ಲಾಕಿಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಒತ್ತೊತ್ತಾಗಿ ಬೆಳೆದ ಬಡಾವಣೆ ನಮ್ಮ ತಿಲಕ್ ನಗರ. 1948ರಲ್ಲಿ ರಾಜಾಜಿಯವರು ಜಯನಗರಕ್ಕೆ ಅಡಿಗಲ್ಲು ಇಟ್ಟ ಮೇಲೆ ಆ ಕಡೆ ಅಗಲ ರಸ್ತೆ, ಉದ್ಯಾನ, ಸಾಲುಮರಗಳು ಬಂದವು. ನಮ್ಮ ಕಡೆ ನಿವೇಶನ ಚಿಕ್ಕದು, ಗೋಡೆಗೆ ಗೋಡೆ ತಾಗಿದ ಮನೆಗಳು. ಹಿತ್ತಲು ಇರಬೇಕಾದ ಕಡೆ ಸಂಪು, ಅಂಗಳ ಇರಬೇಕಾದ ಕಡೆ ಸ್ಕೂಟರು. ಹಾಗಾಗಿ ತೋಟ ಮೇಲೆ ಹತ್ತಿತು. ತಾರಸಿಯ ಮೇಲೆ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ ದಾಳಿಂಬೆ, ಬಕೆಟ್ಟಿನಲ್ಲಿ ಟೊಮೆಟೊ, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಸೊಪ್ಪು. ಕೆಳಗೆ ಎಲ್ಲೋ ಉಳಿದ ಒಂದು ತೆಂಗು, ಒಂದು ಸಪೋಟ. ಮಧ್ಯೆ ಕೇಬಲ್ಲುಗಳು. ಮನುಷ್ಯನಿಗೆ ಇಕ್ಕಟ್ಟಾದ ಈ ಊರು ಅಳಿಲಿಗೆ ಹೇಳಿಮಾಡಿಸಿದ್ದು. ನೆಲಕ್ಕೆ ಇಳಿಯದೆಯೇ, ನಾಯಿ ಬೆಕ್ಕುಗಳ ಭಯವಿಲ್ಲದೆ, ಕೇಬಲ್ ಮೇಲೆ ಓಡುತ್ತಾ ಒಂದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಬಹುದು.

ಇಲ್ಲಿ ನಾವು ಕಾಣುವುದು ದಕ್ಷಿಣ ಭಾರತದ ಮೂರು ಪಟ್ಟೆಯ ಅಳಿಲು. 1766ರಲ್ಲಿ ಲಿನೀಯಸ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಉತ್ತರದ ಕಡೆ ಹೆಚ್ಚಾಗಿರುವುದು ಐದು ಪಟ್ಟೆಯದು. ನಮ್ಮದರ ತೂಕ ಸುಮಾರು ನೂರು ಗ್ರಾಂ. ಎಲ್ಲ ದಂಶಕಗಳಂತೆ ಇದರ ಮುಂದಿನ ಹಲ್ಲುಗಳು ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ, ಕಡಿದು ಸವೆಸದಿದ್ದರೆ ಬಾಯಿ ಮುಚ್ಚಲಾಗದು. ಸೋಲಾರ್ ಪೈಪಿನ ಹೊದಿಕೆ, ಹನಿ ನೀರಾವರಿಯ ಕೊಳವೆ, ಟಿವಿ ಕೇಬಲ್ಲು ಇವೆಲ್ಲ ಅದರ ಬಾಯಿಗೆ ಬೀಳುವುದಕ್ಕೆ ಒಂದು ಕಾರಣ ಇದೇ. ಹಣ್ಣು, ಕಾಳು, ಚಿಗುರು, ಹುಳು ಎಲ್ಲವೂ ಅದಕ್ಕೆ ಆಗುತ್ತದೆ. ಸಮಯ ಸಿಕ್ಕಿದರೆ ಹಕ್ಕಿಯ ಮೊಟ್ಟೆಯನ್ನೂ ಬಿಡುವುದಿಲ್ಲ. ಬೂರುಗದ ಮರ ಹೂ ಬಿಟ್ಟಾಗ ಮಕರಂದ ಕುಡಿಯಲು ಹೋಗಿ ಮೀಸೆಗೆಲ್ಲ ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ದಾಟಿಸುವುದೂ ಇದೇ ಪ್ರಾಣಿ.

ತೋಟದವರ ಕಷ್ಟವನ್ನು ನಾನು ಹಗುರ ಮಾಡುವುದಿಲ್ಲ. ನಮ್ಮ ಪಕ್ಕದ ಬೀದಿಯಲ್ಲಿ ನಿವೃತ್ತರಾದ ಒಬ್ಬ ತಾಯಿ ಇದ್ದಾರೆ. ಗಂಡ ತೀರಿಕೊಂಡ ಮೇಲೆ ತಾರಸಿಯೇ ಅವರ ಪ್ರಪಂಚ. ಒಂದು ಬೆಳಿಗ್ಗೆ ಕರೆದು ದಾಳಿಂಬೆ ಗಿಡ ತೋರಿಸಿದರು. ಹಣ್ಣು ಕೊಂಬೆಯಲ್ಲೇ ಇದೆ, ಬಣ್ಣವೂ ಬಂದಿದೆ. ತಿರುಗಿಸಿದರೆ ಹಿಂಬದಿಗೆ ಎಂಟಾಣೆ ಅಗಲದ ತೂತು. ಒಳಗೆ ಒಂದು ಕಾಳಿಲ್ಲ, ಬರೀ ಹಳದಿ ಪೊರೆ.

‘ಐದು ತಿಂಗಳು ಕಾದಿದೀನಿ ಸಾರ್. ಭಾನುವಾರ ಮೊಮ್ಮಗ ಬರ್ತಾನೆ, ಅವನ ಕೈಲೇ ಕೀಳಿಸೋಣ ಅಂತಿದ್ದೆ. ಬೋನು ಇಟ್ರೆ ತಪ್ಪೇನು? ಸಾಯಿಸ್ತಿಲ್ವಲ್ಲ.’

‘ಎಲ್ಲಿಗೆ ಬಿಡ್ತೀರಿ ತಾಯಿ?’

‘ಲಾಲ್‌ಬಾಗ್‌ಗೆ. ಅಲ್ಲಿ ಬೇಕಾದಷ್ಟು ಮರ ಇದೆ. ನಮ್ಮ ಮನೆಗಿಂತ ಸುಖವಾಗಿರುತ್ತೆ.’

ಈ ಮಾತು ನಮ್ಮೆಲ್ಲರದೂ. ಮರ ಇದ್ದಲ್ಲಿ ಅಳಿಲಿಗೆ ಸುಖ ಎಂದು ನಾವು ತಿಳಿದಿದ್ದೇವೆ. ಆದರೆ ಲಾಲ್‌ಬಾಗಿನ ಆ 240 ಎಕರೆಯಲ್ಲಿ ಈಗಾಗಲೇ ಅಳಿಲುಗಳಿವೆ. ಯಾವ ಪೊಟರೆ ಯಾರದು, ಯಾವ ಮರಕ್ಕೆ ಯಾರು ಹತ್ತಬೇಕು ಎಂಬುದು ಅವುಗಳ ನಡುವೆ ತೀರ್ಮಾನವಾಗಿದೆ. ತಿಲಕ್ ನಗರದಿಂದ ಒಯ್ದು ಬಿಟ್ಟ ಅಳಿಲಿಗೆ ನೀರು ಎಲ್ಲಿ ಸಿಗುತ್ತದೆ, ಗಿಡುಗ ಎರಗಿದರೆ ಯಾವ ಸಂದಿಗೆ ನುಗ್ಗಬೇಕು, ರಾತ್ರಿ ಎಲ್ಲಿ ಮಲಗಬೇಕು ಯಾವುದೂ ಗೊತ್ತಿಲ್ಲ. ಇದ್ದ ಊರಿನಲ್ಲಿ ಇವೆಲ್ಲ ಅದಕ್ಕೆ ಕಣ್ಣು ಮುಚ್ಚಿದರೂ ಗೊತ್ತಿದ್ದವು.

ಇದು ಊಹೆಯ ಮಾತಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಸಂಶೋಧಕರು ಊರಿನ ಮನೆಗಳ ಸುತ್ತ ಇದ್ದ 38 ಬೂದು ಅಳಿಲುಗಳನ್ನು ಹಿಡಿದು, ಕುತ್ತಿಗೆಗೆ ರೇಡಿಯೊ ಪಟ್ಟಿ ಕಟ್ಟಿ, ದೊಡ್ಡ ಕಾಡಿಗೆ ಬಿಟ್ಟು ಹಿಂಬಾಲಿಸಿದರು. 2004ರಲ್ಲಿ ಆ ವರದಿ ಅಚ್ಚಾಯಿತು. ಮೂರು ತಿಂಗಳೊಳಗೆ 37 ಅಳಿಲುಗಳು ಒಂದೋ ಸತ್ತಿದ್ದವು, ಇಲ್ಲವೇ ಬಿಟ್ಟ ಜಾಗದಿಂದ ಕಣ್ಮರೆಯಾಗಿದ್ದವು. ಅವು ನಮ್ಮ ಅಳಿಲಿಗಿಂತ ನಾಲ್ಕೈದು ಪಟ್ಟು ತೂಕದ, ಗಟ್ಟಿ ಜೀವದ ಪ್ರಾಣಿಗಳು. ಅವುಗಳ ಪಾಡೇ ಹಾಗಾದರೆ ನೂರು ಗ್ರಾಮಿನ ಜೀವಕ್ಕೆ ನಾವೇನು ಭರವಸೆ ಕೊಟ್ಟೇವು?

ಬೋನಿನೊಳಗೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಅಳಿಲು ಹಗಲಿನ ಪ್ರಾಣಿ, ಬೋನಿಗೆ ಬೀಳುವುದೂ ಹಗಲಿನಲ್ಲೇ. ಕೊಬ್ಬರಿ ಚೂರೋ ಕಡಲೆಕಾಯಿಯೋ ಇಟ್ಟು ಮನೆಯವರು ಆಫೀಸಿಗೆ ಹೋಗಿರುತ್ತಾರೆ. ತಾರಸಿಯ ಬಿಸಿಲು, ಕಾದ ತಂತಿ, ಒಂದು ಹನಿ ನೀರಿಲ್ಲ. ಅದು ಸುಮ್ಮನೆ ಕೂರುವುದಿಲ್ಲ. ಮೂತಿಯನ್ನು ತಂತಿಯ ಸಂದಿಗೆ ತೂರಿಸಿ ತೂರಿಸಿ ಮೂಗಿನ ತೊಗಲು ಕಿತ್ತು ರಕ್ತ ಬರುತ್ತದೆ, ಉಗುರು ಮುರಿಯುತ್ತದೆ. ಸಂಜೆ ಮನೆಗೆ ಬಂದು ನೋಡಿದರೆ ಒಂದೋ ಸತ್ತು ಬಿದ್ದಿರುತ್ತದೆ, ಇಲ್ಲವೇ ಮೂಲೆಯಲ್ಲಿ ಮುದುರಿ ಕೂತಿರುತ್ತದೆ. ಮುದುರಿ ಕೂತದ್ದನ್ನು ನಾವು ‘ಸಾಧುವಾಗಿದೆ’ ಎಂದುಕೊಂಡು ಸ್ಕೂಟರಿನಲ್ಲಿ ಇಟ್ಟುಕೊಂಡು ಹೊರಡುತ್ತೇವೆ.

ಇದಕ್ಕಿಂತ ದೊಡ್ಡ ಸಂಕಟ ಮರಿಗಳದು. ಒಂದು ಸೂಲಿಗೆ ಎರಡೋ ಮೂರೋ ಮರಿ. ಕಣ್ಣು ಬಿಟ್ಟಿರದ, ಕೂದಲಿಲ್ಲದ, ಬೆರಳಷ್ಟು ಮರಿಗಳು. ಹಾಲು ಬಿಡುವುದಕ್ಕೆ ಸುಮಾರು ಹತ್ತು ವಾರ. ಸಾಕುವುದೆಲ್ಲ ತಾಯಿಯೇ, ಗಂಡು ಅಳಿಲು ಆ ಕಡೆ ತಲೆ ಹಾಕುವುದಿಲ್ಲ. ಹಾಲೂಡುವ ತಾಯಿಗೆ ಹಸಿವು ಹೆಚ್ಚು. ಹಸಿವು ಹೆಚ್ಚಿದ್ದದ್ದೇ ಧೈರ್ಯ ಮಾಡಿ ಬೋನಿಗೆ ನುಗ್ಗುತ್ತದೆ. ಬೋನಿಗೆ ಬಿದ್ದದ್ದು ತಾಯಿಯೋ ಅಲ್ಲವೋ ಎಂದು ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ತಾಯಿಯನ್ನು ಬನ್ನೇರುಘಟ್ಟಕ್ಕೆ ಬಿಟ್ಟು ಬಂದ ಮೇಲೆ, ಇಲ್ಲಿ ಮೀಟರ್ ಬಾಕ್ಸಿನ ಹಿಂದೆ, ತೆಂಗಿನ ಸುಳಿಯಲ್ಲಿ, ಏಸಿಯ ಹೊರಗಿನ ಪೆಟ್ಟಿಗೆಯ ಸಂದಿಯಲ್ಲಿ ನಾರು ಹತ್ತಿಯ ಗೂಡಿನೊಳಗೆ ಮರಿಗಳು ಹಸಿದು ಸಾಯುತ್ತವೆ. ನಾಲ್ಕು ದಿನಕ್ಕೆ ವಾಸನೆ ಬಂದಾಗ ಇಲಿ ಸತ್ತಿದೆ ಎಂದುಕೊಳ್ಳುತ್ತೇವೆ.

ಇಷ್ಟೆಲ್ಲ ಆದಮೇಲೂ ದಾಳಿಂಬೆ ಉಳಿಯುತ್ತದೆಯೇ? ಇಲ್ಲ. ಹಣ್ಣಿದೆ, ನೀರಿದೆ, ಗೂಡಿಗೆ ಸಂದಿಯಿದೆ, ಹಳೆಯ ಒಡೆಯ ಇಲ್ಲ. ಪಕ್ಕದ ತಾರಸಿಯ ಅಳಿಲು ವಾರದೊಳಗೆ ಬಂದು ಸೇರಿಕೊಳ್ಳುತ್ತದೆ. ಬೋನು ಇಡುವವರು ವರ್ಷವಿಡೀ ಇಡುತ್ತಲೇ ಇರುತ್ತಾರೆ.

ಹಿಡಿದು ಸಾಗಿಸುವ ಕೆಲಸ ಕೈತಪ್ಪಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಮ್ಮ ರಾಜ್ಯ ಕೋತಿಗಳ ವಿಷಯದಲ್ಲಿ ಕಂಡಿದೆ. 2021ರ ಜುಲೈ ಕೊನೆಯಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿಯ ಬಳಿ ರಸ್ತೆಬದಿಯ ಗೋಣಿಚೀಲಗಳಲ್ಲಿ 30ಕ್ಕೂ ಹೆಚ್ಚು ಕೋತಿಗಳ ಹೆಣ ಸಿಕ್ಕವು. ಕಾಟ ತಡೆಯಲಾರದೆ ಹಿಡಿಸಿದ್ದ ಕೋತಿಗಳು ಅವು. ಕರ್ನಾಟಕ ಹೈಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಕೋತಿಯನ್ನು ಹಿಡಿಸಲು ಹಣ ಕೊಟ್ಟವರು ಸಾಯಿಸಿ ಎಂದು ಹೇಳಿರಲಿಕ್ಕಿಲ್ಲ. ಬೋನಿನ ಬಾಗಿಲು ಮುಚ್ಚಿದ ಮೇಲೆ ಮುಂದಿನದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರವಲ್ಲ; ಹಿಡಿಯುವುದು, ಬೋನಿಗೆ ಬೀಳಿಸುವುದು, ಆಮಿಷ ಒಡ್ಡುವುದು, ಹಾಗೆ ಮಾಡಲು ಯತ್ನಿಸುವುದು ಕೂಡ ಬೇಟೆಯೇ. ಐದು ಪಟ್ಟೆಯ ಅಳಿಲಿನ ಹೆಸರು ಆ ಕಾಯ್ದೆಯ ಹಳೆಯ ನಾಲ್ಕನೇ ಅನುಸೂಚಿಯಲ್ಲಿ ಇತ್ತು. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನೆಲ್ಲ ಹೊಸದಾಗಿ ಜೋಡಿಸಿದ್ದಾರೆ. ಬೋನಿನಲ್ಲಿ ಗಾಬರಿಯಿಂದ ಸುತ್ತುತ್ತಿರುವ ಜೀವದ ಬೆನ್ನ ಮೇಲೆ ಪಟ್ಟೆ ಎಣಿಸಿ ಅನುಸೂಚಿ ಹುಡುಕುವ ಬದಲು, ಹಿಡಿಯಲೇಬೇಕಾದ ಸಂದರ್ಭ ಬಂದರೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳುವುದು ಸರಿಯಾದ ದಾರಿ. ಯಾವ ಪ್ರಾಣಿಯನ್ನೂ ನೀರು ನೆರಳಿಲ್ಲದೆ ಕೂಡಿಹಾಕಿ ನರಳಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ.

ಒಂದು ಕಡೆಯ ಪ್ರಾಣಿಯನ್ನು ಇನ್ನೊಂದು ಕಡೆ ಬಿಡುವುದರಲ್ಲಿ ಇನ್ನೊಂದು ಅಪಾಯವಿದೆ. ಬಿಟ್ಟದ್ದು ಸಾಯದೆ ಬದುಕಿ ಬೇರು ಬಿಟ್ಟರೆ? 1876ರಲ್ಲಿ ಅಮೆರಿಕದ ಬೂದು ಅಳಿಲನ್ನು ಇಂಗ್ಲೆಂಡಿನ ಒಂದು ಎಸ್ಟೇಟಿನಲ್ಲಿ ಚೆಂದಕ್ಕೆಂದು ಬಿಟ್ಟರು. ಅದರ ಜೊತೆ ಹೋದ ಸಿಡುಬಿನಂಥ ರೋಗ ಅಲ್ಲಿನ ಕೆಂಪು ಅಳಿಲುಗಳನ್ನು ಸವರಿಹಾಕಿತು. ನಮ್ಮ ದೇಶದ ಐದು ಪಟ್ಟೆಯ ಅಳಿಲು 1898ರಲ್ಲಿ ಆಸ್ಟ್ರೇಲಿಯದ ಪರ್ತ್ ಮೃಗಾಲಯದಿಂದ ಹೊರಬಿದ್ದು ಆ ಊರಿನ ತೋಟಗಳಿಗೆ ಪೀಡೆಯಾಯಿತು. ಅಷ್ಟು ದೂರ ಯಾಕೆ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನೇ ನೋಡಿ. ಅದು ಹರಡುವುದು ಉಣ್ಣೆಗಳಿಂದ. ಆ ಉಣ್ಣೆಗಳು ಕಾಡಿನ ಇಲಿ, ಅಳಿಲುಗಳ ಮೈಮೇಲೂ ಬದುಕುತ್ತವೆ. ತಿಲಕ್ ನಗರದ ಅಳಿಲಿಗೆ ಆ ರೋಗ ಇದೆಯೆಂದು ನಾನು ಹೇಳುತ್ತಿಲ್ಲ. ಒಂದು ಪ್ರಾಣಿಯನ್ನು ಸಾಗಿಸಿದರೆ ಅದರ ಮೈಮೇಲಿನ ಉಣ್ಣೆ, ಒಡಲಿನ ಹುಳು, ರಕ್ತದ ಸೂಕ್ಷ್ಮಾಣು ಎಲ್ಲವನ್ನೂ ಸಾಗಿಸಿದ ಹಾಗೆ. ಕಾಡಿಗೆ ಬಿಡುವ ಮುನ್ನ ವನ್ಯಜೀವಿ ವೈದ್ಯರು ಪರೀಕ್ಷೆ ಮಾಡುವುದು ಇದಕ್ಕೇ.

ಹಾಗಾದರೆ ಹಣ್ಣು ಉಳಿಸಿಕೊಳ್ಳುವುದು ಹೇಗೆ? ನನಗೆ ದಾರಿ ತೋರಿಸಿದ್ದು ಕಾಸರಗೋಡು, ದಕ್ಷಿಣ ಕನ್ನಡದ ಕೋಕೋ ತೋಟಗಳು. ಅಡಿಕೆಯ ನಡುವೆ ಕೋಕೋ ಬೆಳೆಯುವ ಆ ಕಡೆಯ ಕೃಷಿಕರಿಗೆ ಅಳಿಲು ತಮಾಷೆಯ ಪ್ರಾಣಿಯಲ್ಲ. ಕಾಯಿಯನ್ನು ಕೊರೆದು ಬೀಜದ ಮೇಲಿನ ಸಿಹಿ ಲೋಳೆಯನ್ನು ತಿಂದು ಬೆಳೆ ಹಾಳು ಮಾಡುತ್ತದೆ. ಅಲ್ಲಿ ಕೊಬ್ಬರಿ ಇಟ್ಟು ಜೀವಂತ ಹಿಡಿಯುವ ಬೋನನ್ನು ತಜ್ಞರು ಹೇಳಿದ್ದುಂಟು, ಅದನ್ನು ಮುಚ್ಚಿಡುವುದಿಲ್ಲ. ಅದರ ಜೊತೆಗೇ ಅವರು ಹೇಳಿಕೊಟ್ಟ ಇನ್ನೊಂದು ಮಾತು ನನಗೆ ಹೆಚ್ಚು ಬೆಲೆಯುಳ್ಳದ್ದು ಅನ್ನಿಸಿತು. ಇಲಿ ಎಳೆಯ ಕಾಯಿಯನ್ನೂ ಬಿಡುವುದಿಲ್ಲ, ಅಳಿಲಿನ ಹಾವಳಿ ಮುಖ್ಯವಾಗಿ ಮಾಗಿದ ಕಾಯಿಗೆ. ಹಾಗಾಗಿ ಮಾಗಿದ್ದನ್ನು ಮರದಲ್ಲಿ ಬಿಡದೆ ಆಗಾಗ ಕೊಯ್ದುಬಿಡಿ, ನಷ್ಟ ತಾನಾಗಿ ಇಳಿಯುತ್ತದೆ.

ಇದನ್ನು ನಮ್ಮ ಸಪೋಟಕ್ಕೆ ಅನ್ವಯಿಸಿ ನೋಡಿ. ಸಪೋಟ ಹಣ್ಣಾಗಲು ಮರದಲ್ಲಿ ಇರಲೇಬೇಕೆಂದಿಲ್ಲ. ಬಲಿತ ಕಾಯಿಯನ್ನು ಕಿತ್ತು ಅಕ್ಕಿಯ ಡಬ್ಬಿಯಲ್ಲೋ ಹುಲ್ಲಿನಲ್ಲೋ ಇಟ್ಟರೆ ಹಣ್ಣಾಗುತ್ತದೆ. ಬಲಿತಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಸಿಪ್ಪೆಯ ಮೇಲಿನ ಕಂದು ಹೊಟ್ಟು ಉದುರಿರಬೇಕು. ಉಗುರಿನಿಂದ ಮೆಲ್ಲಗೆ ಕೆರೆದರೆ ಕೆಳಗೆ ಹಸಿರು ಕಂಡರೆ ಇನ್ನೂ ಎಳೆಯದು, ಹಳದಿ ಕಂಡರೆ ಬಲಿತಿದೆ. ಎಳೆಯದರಲ್ಲಿ ಹಾಲು ಜಿನುಗುತ್ತದೆ, ಬಲಿತದ್ದರಲ್ಲಿ ಕಡಿಮೆ. ಸೀಬೆಯನ್ನೂ ಕಡು ಹಸಿರು ಹೋಗಿ ತಿಳಿ ಬಣ್ಣ ಬರುವಾಗಲೇ ಕಿತ್ತುಕೊಳ್ಳಬಹುದು. ಮಾವಿಗೂ ಇದೇ ಉಪಾಯ.

ದಾಳಿಂಬೆಗೆ ಇದು ನಡೆಯುವುದಿಲ್ಲ. ಅದು ಗಿಡದಲ್ಲೇ ಹಣ್ಣಾಗಬೇಕು. ಅದಕ್ಕೆ ಹೊದಿಕೆಯೇ ಗತಿ. ಬಟ್ಟೆಯ ಚೀಲ, ಕಾಗದದ ಚೀಲವನ್ನು ಅಳಿಲು ಒಂದೇ ನಿಮಿಷದಲ್ಲಿ ಕಡಿದುಹಾಕುತ್ತದೆ. ನೈಲಾನ್ ಬಲೆಯನ್ನೂ ಕಡಿಯುತ್ತದೆ, ಸಾಲದ್ದಕ್ಕೆ ಸೂರಕ್ಕಿ, ಪಿಕಳಾರಗಳು ಅದರಲ್ಲಿ ಕಾಲು ಸಿಕ್ಕಿ ಸಾಯುತ್ತವೆ. ಬೇಕಾಗಿರುವುದು ಅರ್ಧ ಅಂಗುಲಕ್ಕಿಂತ ಚಿಕ್ಕ ಕಣ್ಣಿನ ಜಿಐ ತಂತಿಯ ಜಾಲರಿ. ಒಂದು ಗೇಣು ಅಗಲದ ಪಟ್ಟಿ ಕತ್ತರಿಸಿ, ಹಣ್ಣಿನ ಸುತ್ತ ಸಡಿಲವಾಗಿ ಕೊಳವೆಯಂತೆ ಸುತ್ತಿ, ಎರಡೂ ತುದಿ ಮಡಚಿ ತಂತಿಯಿಂದ ಕಟ್ಟಿಬಿಡಿ. ಜಾಲರಿ ಹಣ್ಣಿಗೆ ಅಂಟಿಕೊಂಡಿರಬಾರದು, ಎರಡು ಬೆರಳಿನ ಸಂದಿ ಇರಲಿ, ಇಲ್ಲದಿದ್ದರೆ ಹೊರಗಿನಿಂದಲೇ ಕೊರೆಯುತ್ತದೆ. ಆ ತಾಯಿಯ ಗಿಡಕ್ಕೆ ನಾವಿಬ್ಬರೂ ಕೂತು ಹೀಗೆ ಕಟ್ಟಿದೆವು. ಒಂದು ಸಲ ಮಾಡಿಟ್ಟ ಜಾಲರಿ ವರ್ಷಗಟ್ಟಲೆ ಬರುತ್ತದೆ. ಟೊಮೆಟೊ, ಸೊಪ್ಪಿನ ಮಡಿಗಾದರೆ ಅದೇ ಜಾಲರಿಯಲ್ಲಿ ಮುಚ್ಚಳದ ಹಾಗೆ ಚೌಕಟ್ಟು ಮಾಡಿಸಬಹುದು.

ತೆಂಗಿನ ಎಳನೀರು ಕೊರೆಯುತ್ತಿದ್ದರೆ ಆಳೆತ್ತರದಲ್ಲಿ ಕಾಂಡದ ಸುತ್ತ ಒಂದೂವರೆ ಅಡಿ ಅಗಲದ ತಗಡು ಸುತ್ತಿಸಿ. ಇಲಿಗೂ ಅಳಿಲಿಗೂ ಜಾರುತ್ತದೆ. ಆದರೆ ಗರಿ ಪಕ್ಕದ ಮನೆಯ ಗೋಡೆಗೋ ಕೇಬಲ್ಲಿಗೋ ತಾಗುತ್ತಿದ್ದರೆ ತಗಡು ವ್ಯರ್ಥ. ಸೋಲಾರ್ ಪೈಪಿಗೆ ಲೋಹದ ಹೊದಿಕೆ, ವೈರುಗಳಿಗೆ ಗಟ್ಟಿ ಪೈಪು ಹಾಕಿಸುವುದು ಎಲೆಕ್ಟ್ರಿಷಿಯನ್ನರಿಗೆ ಅರ್ಧ ದಿನದ ಕೆಲಸ.

ಇನ್ನೊಂದನ್ನು ಬೇಸರ ಮಾಡಿಕೊಳ್ಳದೆ ಕೇಳಿ. ಪುಣ್ಯ ಬರಲಿ ಎಂದು ಬೆಳಿಗ್ಗೆ ತಾರಸಿಯಲ್ಲಿ ಪಾರಿವಾಳಕ್ಕೆ ಕಾಳು ಚೆಲ್ಲುವುದು, ಅನ್ನ ಇಡುವುದು, ದೇವರಿಗೆ ಒಡೆದ ಕಾಯಿಯ ಚೂರನ್ನು ಕಟ್ಟೆಯ ಮೇಲೆ ಬಿಡುವುದು ನಮ್ಮಲ್ಲಿ ರೂಢಿ. ಅಳಿಲಿಗೆ ಆ ತಾರಸಿಯ ದಾರಿ ಕಲಿಸಿದವರು ನಾವೇ. ಕಾಳು ತಿಂದು ಹೊಟ್ಟೆ ತುಂಬಿದ ಮೇಲೆ ದಾಳಿಂಬೆ ಕಣ್ಣಿಗೆ ಬೀಳುತ್ತದೆ. ತೋಟ ಬೇಕೆಂದರೆ ಕಾಳು ಚೆಲ್ಲುವುದನ್ನು ನಿಲ್ಲಿಸಬೇಕು. ಗುಬ್ಬಿಗೆ ಇಡಲೇಬೇಕೆಂದಿದ್ದರೆ ಕಾಳಿಗೆ ಖಾರದ ಪುಡಿ ಕಲಸಿಡಿ. ಮೆಣಸಿನ ಖಾರ ಹಕ್ಕಿಗಳಿಗೆ ತಿಳಿಯುವುದಿಲ್ಲ, ಅಳಿಲಿಗೆ ಬಾಯಿ ಉರಿಯುತ್ತದೆ. ನೀರನ್ನು ಮಾತ್ರ ಬೇಸಿಗೆಯಲ್ಲಿ ಇಡಿ, ತೋಟದಿಂದ ದೂರದ ಮೂಲೆಯಲ್ಲಿ. ಟೊಮೆಟೊ ಕಚ್ಚುವುದು ಎಷ್ಟೋ ಸಲ ಬಾಯಾರಿಕೆಗೆ.

ಗೂಡು ಮನೆಯೊಳಗೇ ಆದರೆ, ಅಂದರೆ ಅಟ್ಟದಲ್ಲೋ ಮೀಟರ್ ಬಾಕ್ಸಿನಲ್ಲೋ, ಸಂದಿಗೆ ಸಿಮೆಂಟು ಮೆತ್ತುವ ಮುನ್ನ ಟಾರ್ಚ್ ಹಾಕಿ ನೋಡಿ. ಮರಿ ಇದ್ದರೆ ಕೆಲವು ವಾರ ತಾಳಿ. ಅಷ್ಟು ತಾಳಲಾಗದಿದ್ದರೆ ಹಗಲಿನಲ್ಲಿ ಹತ್ತಿರ ಓಡಾಡಿ, ದೀಪ ಹಾಕಿಡಿ, ರೇಡಿಯೊ ಹಚ್ಚಿಡಿ. ಜಾಗ ನೆಮ್ಮದಿಯದಲ್ಲ ಎಂದು ಕಂಡರೆ ತಾಯಿಯೇ ಮರಿಗಳನ್ನು ಸಾಗಿಸುತ್ತಾಳೆ. ನಾನು ಅದನ್ನು ಎದುರು ಮನೆಯ ಸಜ್ಜೆಯ ಮೇಲೆ ಕಂಡಿದ್ದೇನೆ. ಮರಿಯನ್ನು ಹೊಟ್ಟೆಯ ಕಡೆಯಿಂದ ಬಾಯಲ್ಲಿ ಕಚ್ಚಿ ಎತ್ತಿಕೊಂಡಳು. ಮರಿ ಕೈಕಾಲು ಬಾಲವನ್ನೆಲ್ಲ ಸುತ್ತಿ ಅವಳ ಕುತ್ತಿಗೆಗೆ ಉಂಗುರದ ಹಾಗೆ ಅಂಟಿಕೊಂಡಿತು. ಹಾಗೆಯೇ ಕೇಬಲ್ ಹಿಡಿದು ಓಡಿ, ತೆಂಗಿನ ಮರಕ್ಕೆ ದಾಟಿಸಿ, ಮತ್ತೆ ಬಂದು ಇನ್ನೊಂದನ್ನು ಒಯ್ದಳು. ಸ್ಥಳಾಂತರ ಬೇಕೆಂದರೆ ಅದಕ್ಕೆ ಸರಿಯಾದವಳು ಅವಳು. ಹತ್ತಿರದಲ್ಲಿ ಎರಡನೇ ಗೂಡು ಎಲ್ಲಿ ಮಾಡಬೇಕೆಂದು ಅವಳಿಗೆ ಗೊತ್ತು. ಗೂಡು ಖಾಲಿಯಾದ ಮೇಲೆ ಜಾಲರಿ ಬಡಿದು ಸಂದಿ ಮುಚ್ಚಿ.

ಅಳಿಲು ಕೋಣೆಯೊಳಗೆ ನುಗ್ಗಿದರೆ ಮೊದಲು ಫ್ಯಾನ್ ಆರಿಸಿ. ಒಳಬಾಗಿಲು ಹಾಕಿ, ಒಂದೇ ಒಂದು ಕಿಟಕಿ ತೆರೆದು, ಪರದೆ ಸರಿಸಿ, ನೀವು ಹೊರಗೆ ಬಂದುಬಿಡಿ. ಬೆಳಕಿನ ಕಡೆಗೆ ತಾನೇ ಹೋಗುತ್ತದೆ. ಬರಿಗೈಯಲ್ಲಿ ಹಿಡಿಯಬೇಡಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಿ. ಇಲಿಗೆಂದು ಇಟ್ಟ ಬೋನಿಗೆ ಅಳಿಲು ಬಿದ್ದಿದ್ದರೆ ಮೇಲೊಂದು ಬಟ್ಟೆ ಮುಚ್ಚಿ, ಬಿದ್ದ ಜಾಗದಲ್ಲೇ, ಹಗಲು ಇರುವಾಗಲೇ ಬಾಗಿಲು ತೆಗೆದುಬಿಡಿ. ಇಲಿಬೋನನ್ನು ಇಡುವುದೇ ಆದರೆ ಕತ್ತಲಾದ ಮೇಲೆ ಇಟ್ಟು ಬೆಳಕು ಹರಿಯುವ ಮುನ್ನ ಎತ್ತಿಡಿ. ಆ ಹೊತ್ತಿಗೆ ಅಳಿಲು ಗೂಡಿನಲ್ಲಿರುತ್ತದೆ.

ಮಳೆಗಾಳಿಗೆ ತೆಂಗಿನಿಂದ ಮರಿ ಕೆಳಗೆ ಬಿದ್ದು ಸಿಕ್ಕಿತೆಂದರೆ ಹಸುವಿನ ಹಾಲು ಕುಡಿಸಬೇಡಿ, ಭೇದಿ ಹತ್ತಿ ಸಾಯುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿ ಬಟ್ಟೆ ಹಾಸಿ, ಬೆಚ್ಚಗಿಟ್ಟು, ಅದೇ ಮರದಲ್ಲಿ ಬೆಕ್ಕಿಗೆ ಎಟುಕದ ಎತ್ತರದಲ್ಲಿ ಇಡಿ. ಪೆಟ್ಟಿಗೆಯ ಬಾಯಿ ತೆರೆದಿರಲಿ, ನೀವು ದೂರ ಸರಿಯಿರಿ. ಸಾಮಾನ್ಯವಾಗಿ ತಾಯಿ ಬಂದು ಎತ್ತಿಕೊಂಡು ಹೋಗುತ್ತಾಳೆ. ಸಂಜೆಯಾದರೂ ಬರದಿದ್ದರೆ, ಮೈಮೇಲೆ ಗಾಯವಿದ್ದರೆ, ಕೆಂಗೇರಿ ಉತ್ತರಹಳ್ಳಿ ರಸ್ತೆಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ಊರಿನ ನಡುವೆ ಸಿಕ್ಕುವ ಅಳಿಲು, ಹದ್ದು, ಗೂಬೆ, ಹಾವುಗಳಿಗೆ ಅಲ್ಲಿ ಚಿಕಿತ್ಸೆ ಮಾಡುತ್ತಾರೆ. ಒಯ್ಯುವಾಗ ಮರಿ ಸಿಕ್ಕ ಬೀದಿಯ ಹೆಸರನ್ನು ಬರೆದಿಟ್ಟುಕೊಳ್ಳಿ. ಗುಣವಾದ ಮೇಲೆ ಎಲ್ಲಿ ಬಿಡಬೇಕೆಂದು ತೀರ್ಮಾನಿಸುವ ವೈದ್ಯರಿಗೆ ಅದು ಬೇಕಾಗುತ್ತದೆ.